ಕುದುರೆ ಗಾಡಿ ಹತ್ತಲಿಲ್ಲ ಯಾಕೆ?

ಹೋದ ವರ್ಷ ಹಳಿಯಾಳದ ನಮ್ಮ ಓಣಿಯಲ್ಲಿ ಒಂದು ಮದುವೆ ಇತ್ತು. ಮದುಮಗನನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ತೆಗೆಯಬೇಕೆಂದು ಮನೆಯವರಿಗೆ ಆಸೆ. ಧಾರವಾಡದ ಕಡೆಯಿಂದ ಒಂದು ಬಿಳಿ ಕುದುರೆ ಬಾಡಿಗೆಗೆ ಬಂತು. ಅದರ ಜೊತೆ ಬಂದವನು ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗ. ಕುದುರೆ ಅವನ ಮನೆಯದೇ. ಅದರ ದುಡಿಮೆಯಲ್ಲೇ ಮನೆ ನಡೆಯುತ್ತದೆ ಎಂದು ಊಟಕ್ಕೆ ಕೂತಾಗ ಹೇಳಿದ್ದ.

ಮೆರವಣಿಗೆ ಚೆನ್ನಾಗಿಯೇ ಆಯಿತು. ಡೋಲು, ಬ್ಯಾಂಡು, ಪಟಾಕಿ ಎಲ್ಲವನ್ನೂ ಕುದುರೆ ಸಹಿಸಿಕೊಂಡಿತು. ತೊಂದರೆ ಶುರುವಾಗಿದ್ದು ರಾತ್ರಿ ಹತ್ತರ ಹೊತ್ತಿಗೆ, ಅದನ್ನು ತಿರುಗಿ ಊರಿಗೆ ಒಯ್ಯಬೇಕಾದಾಗ. ಪಿಕಪ್ ಗಾಡಿ ಬಂದು ನಿಂತಿತು. ಡ್ರೈವರ್ ಹಿಂಬಾಗಿಲು ತೆಗೆದ. ಗಾಡಿಯನ್ನು ನೋಡಿದ್ದೇ ತಡ, ಕುದುರೆ ನಾಲ್ಕೂ ಕಾಲು ನೆಲಕ್ಕೆ ನೆಟ್ಟು ನಿಂತುಬಿಟ್ಟಿತು. ಮುಂದಿನಿಂದ ನಾಲ್ಕು ಜನ ಹಗ್ಗ ಜಗ್ಗಿದರು. ಹಿಂದಿನಿಂದ ಒಬ್ಬ ಕೋಲು ತಂದ. ಇನ್ನೊಬ್ಬ "ಹೋಯ್, ಹೋಯ್" ಎಂದು ಚಪ್ಪಾಳೆ ತಟ್ಟಿದ. ಕುದುರೆ ಮುಂಗಾಲೆತ್ತಿ ನಿಂತಿತು, ಹಿಂದಕ್ಕೆ ಸರಿಯಿತು, ಕಾಲು ಜಾರಿ ಮುಗ್ಗರಿಸಿತು. ಆಗ ನಮಗೆ ಕಂಡಿತು: ಎರಡೂ ಮುಂಗಾಲುಗಳ ಮೊಣಕಾಲಿನ ಹತ್ತಿರ ತೊಗಲು ಕಿತ್ತು ಹೋಗಿತ್ತು. ಆ ಗಾಯ ಆಗ ಆದದ್ದಲ್ಲ. ರಕ್ತ ಒಣಗಿ ಕಪ್ಪಾಗಿತ್ತು. ಮೆರವಣಿಗೆಯ ಝರಿ ಬಟ್ಟೆ ಅದನ್ನು ಮುಚ್ಚಿತ್ತು.

ಹುಡುಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನಾಳೆ ಇನ್ನೊಂದು ಮದುವೀದು ಬುಕಿಂಗ್ ಐತ್ರಿ. ಏನ್ ಮಾಡ್ಲಿ?" ಎಂದ.

ಅಷ್ಟರಲ್ಲಿ ಚಪ್ಪರದೊಳಗಿಂದ ಒಬ್ಬ ಅಜ್ಜ ಎದ್ದು ಬಂದರು. ಮದುವೆಗೆ ಹುಬ್ಬಳ್ಳಿಯಿಂದ ಬಂದಿದ್ದ ನೆಂಟರು. ಪ್ರಾಯದಲ್ಲಿ ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆದವರು ಎಂದು ಆಮೇಲೆ ಗೊತ್ತಾಯಿತು. ಕೋಲು ಹಿಡಿದವನ ಕೈಯಿಂದ ಕೋಲು ತೆಗೆದುಕೊಂಡು ಗಟಾರದಾಚೆ ಎಸೆದರು. "ಹೊಡಿಬ್ಯಾಡ್ರಿ. ಅದಕ ಸೊಕ್ಕಿಲ್ಲ, ಹೆದರಿಕಿ ಐತಿ. ಎಲ್ಲಾರೂ ಹತ್ತು ಹೆಜ್ಜಿ ಹಿಂದ ಸರೀರಿ. ಆ ಪಟಾಕಿ ಹುಡುಗರನ ಮೊದಲ ಓಡಸ್ರಿ" ಎಂದರು.

ಮುಂದಿನ ಒಂದೂವರೆ ಗಂಟೆ ಅಲ್ಲಿ ನಡೆದದ್ದನ್ನು ನಾನು ಮೊಮ್ಮಗಳ ಕೈ ಹಿಡಿದು ನಿಂತು ನೋಡಿದೆ. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಪಶುವೈದ್ಯರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡೆ. ಅದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ಮಕ್ಕಳೇ, ಕುದುರೆ ಎಷ್ಟೇ ದೊಡ್ಡದಿರಲಿ, ಅದು ಹುಲ್ಲು ತಿನ್ನುವ ಪ್ರಾಣಿ. ಸಾವಿರಾರು ವರ್ಷ ಬಯಲಿನಲ್ಲಿ ಮೇಯುತ್ತ, ತೋಳ ಸಿಂಹಗಳಿಂದ ತಪ್ಪಿಸಿಕೊಂಡು ಬದುಕಿದ ವಂಶ ಅದರದು. ಅದಕ್ಕೆ ಕೊಂಬಿಲ್ಲ. ಇರುವುದು ಓಟ ಒಂದೇ. ಏನಾದರೂ ಅನುಮಾನ ಬಂದರೆ ಮೊದಲು ಓಡಬೇಕು, ಆಮೇಲೆ ಯೋಚಿಸಬೇಕು. ಇದು ಅದರ ರಕ್ತದಲ್ಲೇ ಇದೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಸ್ವಲ್ಪ ಜಾಗ, ಮತ್ತೆ ಬಾಲದ ನೇರ ಹಿಂದೆ. ಅದಕ್ಕೇ ಹಿಂದಿನಿಂದ ಸದ್ದಿಲ್ಲದೆ ಹೋದರೆ ಒದೆಯುತ್ತದೆ. ಅದು ಸಿಟ್ಟಿನ ಒದೆ ಅಲ್ಲ, ಗಾಬರಿಯ ಒದೆ. ಮೆರವಣಿಗೆಯಲ್ಲಿ ಕುದುರೆ ಕಂಡರೆ ಅದರ ಭುಜದ ಪಕ್ಕದಿಂದ ಮಾತಾಡಿಸುತ್ತ ಹೋಗಿ, ಒಡೆಯನನ್ನು ಕೇಳಿ, ಕುತ್ತಿಗೆ ಸವರಿ. ಏನಾದರೂ ತಿನ್ನಿಸುವುದಿದ್ದರೆ ಅಂಗೈ ಪೂರ್ತಿ ಬಿಡಿಸಿ ಅದರ ಮೇಲೆ ಇಟ್ಟು ಹಿಡಿಯಿರಿ. ಬೆರಳು ಮಡಚಿದರೆ ಬೆಲ್ಲ ಯಾವುದು ಬೆರಳು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ, ಅದು ಕಾಣದ ಜಾಗ.

ಇನ್ನೊಂದು ವಿಷಯ ನನಗೇ ಹೊಸದು. ಕುದುರೆಗೆ ರಾತ್ರಿಯಲ್ಲಿ ನಮಗಿಂತ ಚೆನ್ನಾಗಿ ಕಾಣುತ್ತದೆ. ಆದರೆ ಬೆಳಕಿನಿಂದ ಕತ್ತಲೆಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಬಹಳ ಹೊತ್ತು ಬೇಕು. ಮದುವೆಯ ಚಪ್ಪರದ ಝಗಮಗ ದೀಪದ ಕೆಳಗೆ ನಿಂತ ಕುದುರೆಗೆ ಆ ಪಿಕಪ್ ಒಳಗಿನ ಜಾಗ ಹೇಗೆ ಕಂಡಿರಬೇಕು? ಒಂದು ಕಪ್ಪು ಬಾಯಿಯ ಹಾಗೆ. ನಾವು ಅದರೊಳಗೆ ಹೋಗು ಹೋಗು ಎಂದು ಕೋಲು ತೋರಿಸುತ್ತಿದ್ದೆವು.

ಅಜ್ಜ ಮೊದಲು ಮಾಡಿದ್ದು ಕುದುರೆಯ ಹತ್ತಿರ ಹೋಗುವುದಲ್ಲ. ತಾವೇ ಗಾಡಿ ಹತ್ತಿದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದರು. ಕಬ್ಬಿಣದ ಹಾಳೆ, ಅದರ ಮೇಲೆ ಕುದುರೆಯ ಉಚ್ಚೆ. ಅಜ್ಜನ ಕಾಲು ಜಾರಿತು, ಪಕ್ಕದ ಸರಳು ಹಿಡಿದುಕೊಂಡರು. ಕೆಳಗಿಳಿದು ಡ್ರೈವರನ್ನು ಕೇಳಿದರು: "ತಮ್ಮಾ, ಬರೂ ಮುಂದ ತಿರುವಿನ್ಯಾಗ ಜೋರ್ ಬ್ರೇಕ್ ಹಾಕಿದ್ಯಾ?" ಡ್ರೈವರ್ ತಲೆ ಕೆರೆದುಕೊಂಡ. ಒಂದು ಕಡೆ ನಾಯಿ ಅಡ್ಡ ಬಂತಂತೆ, ಇನ್ನೊಂದು ಕಡೆ ಕಬ್ಬಿನ ಟ್ರ್ಯಾಕ್ಟರ್. ಮೊಣಕಾಲಿನ ಗಾಯದ ಕತೆ ಅಲ್ಲಿಗೆ ತಿಳಿಯಿತು. ಕುದುರೆ ಒಳಗೆ ಮಂಡಿಯೂರಿ ಬಿದ್ದಿದೆ. ಬಿದ್ದ ಜಾಗವನ್ನು ಅದು ಮರೆತಿಲ್ಲ.

ನಮಗೆ ಬಸ್ಸಿನಲ್ಲಿ ನಿಂತು ಹೋಗುವಾಗ ಹಿಡಿಯಲು ಮೇಲೆ ಕಂಬಿ ಇರುತ್ತದೆ. ಕುದುರೆಗೆ ಹಿಡಿಯಲು ಕೈಯಿಲ್ಲ. ಅದರ ಮೈಭಾರದ ನೂರರಲ್ಲಿ ಅರವತ್ತು ಪಾಲು ಮುಂಗಾಲುಗಳ ಮೇಲೇ ಇರುತ್ತದೆ. ಬ್ರೇಕ್ ಹಾಕಿದಾಗ ಇಡೀ ಭಾರ ಮುಂದಕ್ಕೆ ನುಗ್ಗುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ದಾರಿಯುದ್ದಕ್ಕೂ ಅದು ನಿಂತಲ್ಲೇ ಸ್ನಾಯು ಬಿಗಿದು ತೂಕ ಹೊಂದಿಸಿಕೊಳ್ಳುತ್ತಲೇ ಇರಬೇಕು. ಗಾಡಿಯಲ್ಲಿ ಹೋಗುವುದೆಂದರೆ ಕುದುರೆಗೆ ವಿಶ್ರಾಂತಿ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ದುಡಿಮೆ.

ಹಳಿಯಾಳದ ಅಜ್ಜ ಅಜ್ಜಿಯರಿಗೆ ಇದು ಹೊಸದಲ್ಲ. ಮಾಘ ಮಾಸದಲ್ಲಿ, ಭರತ ಹುಣ್ಣಿಮೆಯ ಹೊತ್ತಿಗೆ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ನಮ್ಮ ತಾಲ್ಲೂಕು ದಾಟಿ ದಾಂಡೇಲಿ, ಜೋಯಿಡಾದ ಕಾಡಿನ ದಾರಿ ಹಿಡಿಯುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಎತ್ತಿಗೆ ಕೊಂಬಣಸು, ಗೆಜ್ಜೆ, ಝೂಲ. ನೋಡುವುದಕ್ಕೆ ಜಾತ್ರೆಯೆಂದರೆ ಅದೇ. ಆದರೆ ನಾನು ಹುಡುಗನಿದ್ದಾಗ ನಮ್ಮ ಅಪ್ಪ ತೋರಿಸುತ್ತಿದ್ದದ್ದು ಬೇರೆ. ಹೊರಡುವ ಮುಂಚೆಯೇ ಎತ್ತಿಗೆ ಲಾಳ ಕಟ್ಟಿಸಿರುತ್ತಾರೆ. ಬಿಸಿಲು ಏರುವುದರೊಳಗೆ ನೀರಿನ ದಂಡೆ, ಮರದ ನೆರಳು ನೋಡಿ ಕೊಳ್ಳು ಹರಿಯುತ್ತಾರೆ. ತಮ್ಮ ಬುತ್ತಿ ಬಿಚ್ಚುವ ಮುಂಚೆ ಎತ್ತಿನ ಮುಂದೆ ಕಣಿಕೆ ಹಾಕುತ್ತಾರೆ. ಏರು ಬಂದರೆ ಗಂಡಸರು, ಹುಡುಗರು ಇಳಿದು ನಡೆಯುತ್ತಾರೆ. "ದೇವರ ಕಡೆ ಹೊಂಟಿದ್ದು ನಾವಷ್ಟ ಅಲ್ಲ" ಎನ್ನುತ್ತಿದ್ದ ಅಪ್ಪ. ಈಗ ಟ್ರ್ಯಾಕ್ಟರ್ ಹೆಚ್ಚಾಗಿವೆ. ಚಕ್ಕಡಿಗಳೂ ಪೂರ್ತಿ ನಿಂತಿಲ್ಲ.

ಕುದುರೆಯ ವಿಷಯದಲ್ಲೂ ನಮ್ಮ ಜಿಲ್ಲೆಗೆ ಹಳೆಯ ನಂಟಿದೆ. ವಿಜಯನಗರದ ಕಾಲದಲ್ಲಿ ಅರಬ್ಬಿ ದೇಶಗಳಿಂದ, ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಬಂದರಿನಿಂದ ಕುದುರೆಗಳು ಹಡಗೇರಿ ಭಟ್ಕಳ, ಹೊನ್ನಾವರ, ಗೋವೆಯಂಥ ಬಂದರುಗಳಿಗೆ ಬರುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿ ಹಂಪಿಗೆ. ಹಂಪಿಗೆ ಪ್ರವಾಸ ಹೋದರೆ ಮಹಾನವಮಿ ದಿಬ್ಬದ ಗೋಡೆಯನ್ನು ನಿಧಾನವಾಗಿ ನೋಡಿ. ಕುದುರೆಗಳನ್ನು ಹಿಡಿದು ಬರುತ್ತಿರುವ ಪರದೇಶದ ವ್ಯಾಪಾರಿಗಳನ್ನು ಅಲ್ಲಿ ಕೆತ್ತಿದ್ದಾರೆ.

ಹದಿನಾರನೆಯ ಶತಮಾನದಲ್ಲಿ ಹಂಪಿಯಲ್ಲಿದ್ದ ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ, ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಬರೆದಿದ್ದಾನೆ. ಅವನೇ ಬರೆದ ಇನ್ನೊಂದು ಮಾತು ಓದಿ ನನಗೆ ಊಟ ಸೇರಲಿಲ್ಲ. ಹಿಂದಿನ ಅರಸ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕು. ಅರಸನ ಲೆಕ್ಕ ಅರ್ಥವಾಗುತ್ತದೆ. ವ್ಯಾಪಾರಿ ನಷ್ಟಕ್ಕೆ ಹೆದರಿ ಬರುವುದನ್ನೇ ನಿಲ್ಲಿಸಬಾರದು. ಆದರೆ ಬಾಲ ತಂದರೂ ದುಡ್ಡು ಬರುವುದಾದರೆ ಹಡಗಿನಲ್ಲಿ ಕುದುರೆಗೆ ನೀರು ಕುಡಿಸುವವರು ಯಾರು? ನನಗನಿಸಿದ್ದು ಇದು. ಚರಿತ್ರೆ ಬಲ್ಲವರು ಬೇರೆ ಹೇಳಬಹುದು.

ಅದಕ್ಕೂ ಮುಂಚೆ, ಹದಿಮೂರನೆಯ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಬರೆದಿರುವುದೂ ಇಂಥದ್ದೇ. ಅಲ್ಲಿಯ ಅರಸರು ವರ್ಷವರ್ಷವೂ ಸಾವಿರಗಟ್ಟಲೆ ಕುದುರೆ ಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಉಳಿಯುತ್ತಿದ್ದದ್ದು ಬೆರಳೆಣಿಕೆ. ಅವುಗಳನ್ನು ನೋಡಿಕೊಳ್ಳಲು ಬಲ್ಲವರು ಅಲ್ಲಿರಲಿಲ್ಲ, ಲಾಳ ಕಟ್ಟುವವರನ್ನು ವ್ಯಾಪಾರಿಗಳು ಬೇಕೆಂದೇ ಕರೆತರುತ್ತಿರಲಿಲ್ಲ ಎನ್ನುತ್ತಾನೆ. ಕುದುರೆ ಬದುಕಿದರೆ ಮರುವರ್ಷದ ವ್ಯಾಪಾರ ಕೆಡುತ್ತದಲ್ಲ!

ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆಗಳೂ ಮೊದಲ ಮಹಾಯುದ್ಧದಲ್ಲಿ ಸಮುದ್ರ ದಾಟಿದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರಿನವರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಹಡಗಿನ ಕುದುರೆಗೆ ಇನ್ನೊಂದು ಕಷ್ಟ ಉಂಟು. ಹೊಟ್ಟೆ ತೊಳಸಿದರೆ ನಾವು ವಾಂತಿ ಮಾಡಿ ಹಗುರಾಗುತ್ತೇವೆ. ಕುದುರೆಗೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಹೊಟ್ಟೆಯ ಬಾಯಿ ಅಷ್ಟು ಬಿಗಿ. ಬಾಯಿಯಿಂದ ಉಸಿರಾಡಲೂ ಬರುವುದಿಲ್ಲ, ಏನಿದ್ದರೂ ಮೂಗಿನಿಂದಲೇ. ಆದ್ದರಿಂದ ಮುಚ್ಚಿದ ಗಾಡಿಯ ಧೂಳು, ಹೊಗೆ, ಉಚ್ಚೆಯ ಘಾಟು ಎಲ್ಲ ನೇರ ಪುಪ್ಪುಸಕ್ಕೆ.

ಇರಲಿ, ಮದುವೆ ಮನೆಗೆ ಬರೋಣ.

ಅಜ್ಜ ಗಾಡಿಯನ್ನು ತಿರುಗಿಸಿದರು. ರಸ್ತೆಯಾಚೆ ಗದ್ದೆಯ ಬದು ಎತ್ತರಕ್ಕಿತ್ತು. ಗಾಡಿಯ ಹಿಂಭಾಗ ಆ ಬದುವಿಗೆ ಒತ್ತಿ ನಿಂತಿತು. ಹತ್ತಬೇಕಾದ ಎತ್ತರ ಮೂರು ಅಡಿಯಿಂದ ಒಂದು ಗೇಣಿಗೆ ಇಳಿಯಿತು. ಎಮ್ಮೆ ಸಾಗಿಸುವ ನಮ್ಮೂರ ಗೌಳಿಗರಿಗೆಲ್ಲ ಗೊತ್ತಿರುವ ಉಪಾಯ ಇದು, ಅಲ್ಲಿ ನಿಂತ ಹತ್ತಾರು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಜಗ್ಗುವ ಉಮೇದಿನಲ್ಲಿ ಇದ್ದೆವು. ಆಮೇಲೆ ಗಾಡಿಯ ನೆಲ ತೊಳೆಸಿ ಒರೆಸಿ, ಗೋಣಿಚೀಲ ಹಾಸಿ, ಅದರ ಮೇಲೆ ಬತ್ತದ ಹುಲ್ಲು ದಪ್ಪಕ್ಕೆ ಹರವಿಸಿದರು. ಹುಲ್ಲಿಗೆ ಹಳಿಯಾಳದಲ್ಲಿ ಬರವೇ? ಚಪ್ಪರದ ಎರಡು ಗಟ್ಟಿ ಬಿದಿರು ಬಿಚ್ಚಿಸಿ ಒಂದನ್ನು ಎದೆಯ ಮುಂದೆ ಬರುವ ಹಾಗೆ, ಇನ್ನೊಂದನ್ನು ಹಿಂದೆ ಅಡ್ಡಕ್ಕೆ ಕಟ್ಟಲು ಸಿದ್ಧವಾಗಿಟ್ಟರು. ಬಿದಿರಿಗೆ ಹಳೆಯ ಕಂಬಳಿ ಸುತ್ತಿಸಿದರು. ಗಾಡಿಯೊಳಗೆ ಮೂಲೆಯಲ್ಲಿ ಒಂದು ಬಲ್ಬು ತೂಗುಹಾಕಿದರು, ಕುದುರೆಯ ಕಣ್ಣಿಗೆ ಹೊಡೆಯದ ಹಾಗೆ, ನೆಲ ಕಾಣುವ ಹಾಗೆ.

ಪ್ರಾಣಿಗಳನ್ನು ಸಾಗಿಸುವ ಬಗ್ಗೆ ನಮ್ಮ ದೇಶದಲ್ಲಿ 1978ರಲ್ಲೇ ನಿಯಮಗಳು ಬಂದಿವೆ. ಆಮೇಲೆ ಓದಿ ನೋಡಿದೆ. ಕುದುರೆ ಸಾಗಿಸುವ ಲಾರಿಯ ನೆಲ ಜಾರಬಾರದು, ಕುದುರೆಗಳ ನಡುವೆ ಕನಿಷ್ಠ ಎಂಟು ಸೆಂಟಿಮೀಟರ್ ದಪ್ಪದ ಬಿದಿರು ಇರಬೇಕು, ಹಿಂದೆ ಗಟ್ಟಿ ಅಡ್ಡಪಟ್ಟಿ ಇರಬೇಕು, ಹತ್ತಿ ಇಳಿಯಲು ಇಳಿಜಾರು ಹಲಗೆ ಬೇಕು, ಪ್ರಯಾಣಕ್ಕೆ ಯೋಗ್ಯ ಎಂದು ಪಶುವೈದ್ಯರ ಚೀಟಿ ಬೇಕು, ಗಾಡಿಯ ವೇಗ ಗಂಟೆಗೆ 35 ಕಿಲೋಮೀಟರ್ ದಾಟಬಾರದು. ಅಜ್ಜ ಈ ನಿಯಮ ಓದಿದವರಲ್ಲ. ಬಿದಿರು ಮಾತ್ರ ಸರಿಯಾಗಿ ಕಟ್ಟಿಸಿದರು.

ಕೊನೆಗೆ ಕುದುರೆಯ ಹತ್ತಿರ ಹೋದರು. ಅದರ ಮುಂದೆ ನಿಲ್ಲಲಿಲ್ಲ, ಭುಜದ ಪಕ್ಕದಲ್ಲಿ ನಿಂತರು. ಸುಮ್ಮನೆ ಕುತ್ತಿಗೆ ಕೆರೆಯುತ್ತ ಏನೋ ಗುಣುಗುತ್ತ ಹತ್ತು ನಿಮಿಷ ಕಳೆದರು. ನಮಗೆಲ್ಲ ಬೇಸರ ಬಂತು. ಒಬ್ಬಿಬ್ಬರು ಮನೆಗೂ ಹೋದರು. ಕುದುರೆ ತಲೆ ತಗ್ಗಿಸಿತು, ಬಾಯಿ ಚಪ್ಪರಿಸಿತು, ಒಂದು ಉದ್ದ ಉಸಿರು ಬಿಟ್ಟಿತು. "ನೋಡ್ರಿ, ಈಗ ಅದು ನಮ್ಮ ಮಾತ ಕೇಳೂ ಹಂಗಾತು" ಎಂದರು ಅಜ್ಜ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಸಿ ಹಿಡಿದಿದ್ದರು. ಕೈಗೆ ಸುತ್ತಿಕೊಂಡರೆ ಕುದುರೆ ಓಡಿದಾಗ ಕೈಯೂ ಅದರ ಜೊತೆಗೇ ಹೋಗುತ್ತದೆ ಎಂದು ಆ ಹುಡುಗನಿಗೆ ತೋರಿಸಿದರು.

ಹಗ್ಗ ಸ್ವಲ್ಪ ಬಿಗಿ ಮಾಡಿದರು. ಕುದುರೆ ಒಂದು ಹೆಜ್ಜೆ ಇಟ್ಟಿತು. ತಕ್ಷಣ ಹಗ್ಗ ಸಡಿಲ, ಅಂಗೈಯಲ್ಲಿ ಒಂದು ಚೂರು ಬೆಲ್ಲ. ಮತ್ತೆ ಬಿಗಿ, ಮತ್ತೊಂದು ಹೆಜ್ಜೆ, ಮತ್ತೆ ಸಡಿಲ. ಹೆಜ್ಜೆ ಇಟ್ಟರೆ ಹಗ್ಗದ ಎಳೆತ ನಿಲ್ಲುತ್ತದೆ ಎಂಬುದು ಕುದುರೆಗೆ ಅರ್ಥವಾಗಲು ಐದಾರು ಸಲ ಸಾಕಾಯಿತು. ಗಾಡಿಯ ಬಾಯಿಯ ಹತ್ತಿರ ನಿಂತು ಹುಲ್ಲು ಮೂಸಿತು. ಒಂದು ಕಾಲಿಟ್ಟು ಹಿಂದೆಗೆಯಿತು. ನಾನು ಅಯ್ಯೋ ಎಂದೆ. ಅಜ್ಜ ತಡೆಯಲಿಲ್ಲ, ಹಿಂದೆ ಹೋಗಲು ಬಿಟ್ಟರು. ಮತ್ತೆ ಬಂತು. ಕಾಲು ಇಟ್ಟು ನೋಡಿತು, ಜಾರಲಿಲ್ಲ. ಮೂರನೆಯ ಸಲಕ್ಕೆ ತಾನಾಗಿಯೇ ಒಳಗೆ ನಡೆದು ಹೋಗಿ ಹುಲ್ಲಿಗೆ ಬಾಯಿ ಹಾಕಿತು.

ಮೊಮ್ಮಗಳು ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದಳು. ಅಜ್ಜ ಬೆರಳು ತುಟಿಗಿಟ್ಟು ಸುಮ್ಮನಿರಿಸಿದರು.

ಮೊದಲು ಹಿಂದಿನ ಬಿದಿರು ಕಟ್ಟಿಸಿ, ಆಮೇಲೇ ಕುದುರೆಯ ತಲೆಯ ಹಗ್ಗ ಕಟ್ಟಿದರು. ಇಳಿಸುವಾಗ ಇದರ ತಿರುಗಾಮುರುಗಾ: ತಲೆಯ ಹಗ್ಗ ಮೊದಲು ಬಿಚ್ಚಬೇಕು, ಹಿಂಬಾಗಿಲು ಆಮೇಲೆ. ತಲೆ ಕಟ್ಟಿದ್ದು ಹಿಂದೆ ತೆರೆದಿದ್ದರೆ ಕುದುರೆ ಹಿಂದಕ್ಕೆ ನುಗ್ಗುತ್ತದೆ, ಹಗ್ಗ ಎಳೆಯುತ್ತದೆ, ಗಾಬರಿಗೆ ಕುತ್ತಿಗೆ ಮುರಿದುಕೊಳ್ಳುವುದೂ ಉಂಟು. ಹಗ್ಗವನ್ನೂ ಗಿಡ್ಡ ಕಟ್ಟಲಿಲ್ಲ. ತಲೆ ತಗ್ಗಿಸಲು ಆಗುವಷ್ಟು ಬಿಟ್ಟರು. ಇದಕ್ಕೆ ಕಾರಣ ಪಶುವೈದ್ಯರು ಹೇಳಿದರು. ಕುದುರೆ ಮೇಯುವಾಗ ತಲೆ ತಗ್ಗಿಸುವುದರಿಂದ ಮೂಗು ಗಂಟಲಿಗೆ ಹೊಕ್ಕ ಧೂಳು, ಕಫ ಎಲ್ಲ ಹೊರಕ್ಕೆ ಇಳಿದುಹೋಗುತ್ತದೆ. ತಾಸುಗಟ್ಟಲೆ ತಲೆ ಎತ್ತಿಯೇ ಕಟ್ಟಿದರೆ ಅದು ಪುಪ್ಪುಸಕ್ಕೆ ಇಳಿದು ಜ್ವರ ಬರುತ್ತದೆ. ದೂರದ ದಾರಿಯಾದರೆ ಮೂರು ನಾಲ್ಕು ತಾಸಿಗೊಮ್ಮೆ ಗಾಡಿ ನಿಲ್ಲಿಸಿ ನೀರು ತೋರಿಸಬೇಕು. ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುವ ಪ್ರಾಣಿ ಅದು.

ಮೊಣಕಾಲಿನ ಗಾಯವನ್ನು ಅಜ್ಜ ಶುದ್ಧ ನೀರಿನಿಂದ ತೊಳೆದರು. "ಮುಂಜಾನೆ ದನದ ದವಾಖಾನಿಗೆ ತೋರಸು. ಎಂಟ ದಿನ ಯಾರನ್ನೂ ಮ್ಯಾಲ ಹತ್ತಸಬ್ಯಾಡ" ಎಂದರು. ಹುಡುಗ ಉತ್ತರ ಕೊಡಲಿಲ್ಲ. ನಾಳೆಯ ಬುಕಿಂಗಿನ ದುಡ್ಡು ಆಗಲೇ ಮುಂಗಡ ಇಸಿದುಕೊಂಡಿದ್ದ. ಅವನನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಹೊರಡುವಾಗ ಅಜ್ಜ ಇನ್ನೊಂದು ಕೆಲಸ ಮಾಡಿದರು. ಮದುವೆ ಮನೆಯಿಂದ ಒಂದು ಬಕೀಟು ತರಿಸಿ, ಮುಕ್ಕಾಲು ನೀರು ತುಂಬಿಸಿ, ಡ್ರೈವರನ ಪಕ್ಕದಲ್ಲಿ ಕೂತ ಆ ಹುಡುಗನ ಕಾಲ ಹತ್ತಿರ ಇಟ್ಟರು. "ತಮ್ಮಾ, ಈ ನೀರ ಚೆಲ್ಲಿದ್ರ ಹಿಂದ ಕುದರಿ ಬಿದ್ದೈತಿ ಅಂತ ತಿಳಕೊ. ಹಂಗ ಹೊಡಿ" ಎಂದು ಡ್ರೈವರನಿಗೆ ಹೇಳಿದರು. ಡ್ರೈವರ್ ನಕ್ಕ. ಗಾಡಿ ಮಾತ್ರ ಹಸಿ ಮಣ್ಣಿನ ಗಡಿಗೆ ಹೊತ್ತವರು ನಡೆಯುವ ಹಾಗೆ ಹೊರಟಿತು. ಆಗ ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ.

ಅಜ್ಜ ಮಲಗಲಿಲ್ಲ. ಚಪ್ಪರದಲ್ಲಿ ಕುರ್ಚಿ ಹಾಕಿಕೊಂಡು ನನ್ನ ಜೊತೆ ಹಳೆಯ ಹುಬ್ಬಳ್ಳಿಯ ಮಾತಾಡುತ್ತ ಕೂತರು. ತಮ್ಮ ಟಾಂಗಾದ ಕುದುರೆ ಮುದಿಯಾದ ಮೇಲೆ ಮಾರದೆ ನಾಲ್ಕು ವರ್ಷ ಹಿತ್ತಲಲ್ಲಿ ಕಟ್ಟಿ ಹುರಳಿ ಬೇಯಿಸಿ ಹಾಕಿದ್ದನ್ನು ಹೇಳಿದರು. ಹೆಂಡತಿ ಬೈಯುತ್ತಿದ್ದಳಂತೆ, ತಾನೇ ಹುರಳಿ ಬೇಯಿಸುತ್ತಲೂ ಇದ್ದಳಂತೆ.

ಒಂದೂವರೆಯ ಮೇಲೆ ನನ್ನ ಫೋನ್ ರಿಂಗಾಯಿತು. ಅದೇ ಹುಡುಗ. ಮುಟ್ಟಿದ್ದೇವೆ ಎಂದ. ಅಜ್ಜ ಫೋನ್ ಇಸಿದುಕೊಂಡು ಮೊದಲು ಕೇಳಿದ್ದು, "ನೀರ ಎಷ್ಟ ಉಳದೈತಿ?"

"ಒಂದ ಚರಿಗಿ ಚೆಲ್ಲೇತ್ರಿ ಅಜ್ಜಾರ. ಉಳದದ್ದನ್ನ ಇಳದ ಕೂಡ್ಲೇ ಅದ ಕುಡದಬಿಡ್ತು."

"ನಾಳೆ ಮದುವೀದು?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮುಂಗಡ ತಿರುಗಿ ಕೊಟ್ಟಬಿಡ್ತೇನ್ರಿ. ಮದಮಗಾ ಕಾರಿನ್ಯಾಗ ಹೋಗ್ಲಿ."